ಮಿಲೆನಾಳ ಮನೆಯ ಹಬ್ಬಕ್ಕೆ ನಾನು ಕಟ್ಟಡವನ್ನೆಲ್ಲ ಕರೆದದ್ದು

ಸುರಪುರ

ನನಗಾಗ ಎಪ್ಪತ್ತು. ನಾಲ್ಕು ವರ್ಷದ ಹಿಂದಿನ ಮಾತು. ಎಪ್ಪತ್ತಕ್ಕೆ ನಮ್ಮ ಓಣಿಯ ಹೆಂಗಸರು ಶ್ರೀಶೈಲಕ್ಕೆ ಹೋಗುತ್ತಾರೆ, ಇಲ್ಲವೇ ಮಣ್ಣಿಗೆ ಹೋಗುತ್ತಾರೆ. ನಾನು ಸರ್ಬಿಯಾಕ್ಕೆ ಹೋದೆ. ಅದೆಲ್ಲಿದೆ ಎಂದು ಕೇಳಿದವರಿಗೆಲ್ಲ ದುಬೈ ದಾಟಿ ಎಂದು ಹೇಳಿದೆ. ನನಗೆ ಗೊತ್ತಿದ್ದದ್ದೇ ಅಷ್ಟು.

ನನ್ನನ್ನು ಕರೆದವಳು ಮಿಲೆನಾ. ಅಲ್ಲಿಯ ಟಿವಿಯವಳು. ಅದಕ್ಕೂ ಕೆಲವು ವರ್ಷ ಮೊದಲು ಶಹಾಪುರದ ಗುಡ್ಡ ನೋಡಲು ಬಂದಿದ್ದಳು. ಆ ಗುಡ್ಡ ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಅದರ ಚಿತ್ರ ತೆಗೆದು ಅವರ ದೇಶಕ್ಕೆ ತೋರಿಸಬೇಕಿತ್ತಂತೆ. ಸುರಪುರದ ಕಡೆಗೂ ಒಂದು ಸುತ್ತು ಬಂದಾಗ ಅವಳ ಜೀಪು ನಮ್ಮ ಕಟ್ಟೆಯ ಮುಂದೆ ಕೆಟ್ಟು ನಿಂತಿತು. ನಾನು ಕಟ್ಟೆಯ ಮೇಲೆ ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತ ಪಕ್ಕದ ಮನೆಯ ಎಮ್ಮೆಗೂ ಅದರ ಒಡತಿಗೂ ಕೂಡಿಯೇ ಬೈಯುತ್ತಿದ್ದೆ. ಜೀಪು ರಿಪೇರಿಯಾದ ಮೇಲೂ ಅವಳು ಹೋಗಲಿಲ್ಲ. ಮೂರು ದಿನ ನನ್ನ ಮುಂದೆ ಕ್ಯಾಮರಾ ಇಟ್ಟುಕೊಂಡು ಕೂತಳು. ಗುಡ್ಡ ಬಿಟ್ಟು ನನ್ನನ್ನೇಕೆ ಹಿಡಿದಿದ್ದೀ ಎಂದು ಕೇಳಿಸಿದೆ. ಬುದ್ಧ ಮಲಗಿದ್ದಾನೆ, ಎಲ್ಲಿಗೂ ಹೋಗುವುದಿಲ್ಲ, ನೀನು ಎದ್ದು ಹೋಗುತ್ತೀ ಎಂದಳು.

ಮಾತು ದಾಟಿಸುತ್ತಿದ್ದವಳು ಸವಿತಾ, ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಪಾಠ ಹೇಳುವವಳು. ಇಂಗ್ಲಿಷು ಚೆನ್ನಾಗಿ ಬರುತ್ತದೆ. ದೋಷ ಒಂದೇ, ಮರ್ಯಾದೆ ಜಾಸ್ತಿ. ನಾನು ಒಂದು ಗಳಿಗೆ ಬೈದರೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಮುಗಿಸುತ್ತಾಳೆ. ಬೈಗುಳಕ್ಕೆ ಆ ಭಾಷೆಯಲ್ಲಿ ಅಷ್ಟೊಂದು ಬರವಿರಲಿಕ್ಕಿಲ್ಲ.

ಈಗ ಮಿಲೆನಾಳಿಗೆ ಟಿವಿಯವರು ನಿವೃತ್ತಿ ಕೊಡುತ್ತಿದ್ದರು. ಬೀಳ್ಕೊಡುವ ಕಾರ್ಯಕ್ರಮವಂತೆ. ಇಷ್ಟು ವರ್ಷ ಚಿತ್ರ ತೆಗೆದವರಲ್ಲಿ ಯಾರಾದರೂ ಒಬ್ಬರನ್ನು ಅವಳು ಕರೆಸಿಕೊಳ್ಳಬಹುದು. ಮಂತ್ರಿಗಳಿದ್ದರು, ಕುಣಿಯುವವರಿದ್ದರು. ಅವಳು ನನ್ನ ಹೆಸರು ಹೇಳಿದಳು. ಸವಿತಾಳಿಗೂ ಟಿಕೀಟು ಬಂತು.

ಸೊಸೆ ಗಂಟು ಕಟ್ಟಿದಳು. ಖಡಕ್ ರೊಟ್ಟಿ, ಕೆಂಪು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ನಾನು ಹೊಲಿದ ಕೌದಿ ಒಂದು. ಮಿಲೆನಾಳಿಗೆ ಉಡಿ ತುಂಬಲು ಖಣ, ಕೊಬ್ಬರಿ ಬಟ್ಟಲು, ಕುಂಕುಮದ ಭರಣಿ. ಉಡಿಯನ್ನು ಸವಿತಾ ಮೇಡಂ ತುಂಬಲಿ ಎಂದು ಗೋಡೆ ನೋಡಿ ಹೇಳಿದಳು. ಗಂಡ ಸತ್ತ ಮೇಲೆ ನಾನು ಕುಂಕುಮದ ಭರಣಿ ಮುಟ್ಟಿರಲಿಲ್ಲ, ಮುಟ್ಟಲು ಯಾರೂ ಕೊಟ್ಟೂ ಇರಲಿಲ್ಲ. ಸರಿ ಎಂದೆ.

ಬೆಲ್‌ಗ್ರೇಡಿನ ವಿಮಾನ ನಿಲ್ದಾಣ

ವಿಮಾನದಲ್ಲಿ ಹೇಳುವಂಥದ್ದು ಏನೂ ಇಲ್ಲ. ಯಾದಗಿರಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಕೂತಾಗ ಹೊಲವಾದರೂ ಕಾಣುತ್ತದೆ.

ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಅದು ಟಣ್ ಎಂದಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ಆಮೇಲೆ ಹಿಂಡಿಯ ಡಬ್ಬಿ ತೆರೆದು ಮೂಗಿನ ಹತ್ತಿರ ತಂದ. ಬೇಡ ಎಂದು ಕೈ ಮಾಡಿದೆ. ಬಚ್ಚಿಡುತ್ತಿದ್ದಾಳೆ ಎಂದು ತಿಳಿದು ಇನ್ನೂ ಆಳವಾಗಿ ಎಳೆದುಕೊಂಡ. ಅವನು ಸೀನಿ ಮುಗಿಸುವವರೆಗೆ ನಮ್ಮ ಹಿಂದಿನ ಸಾಲು ನಿಂತೇ ಇತ್ತು. ಕಣ್ಣು ಒರೆಸಿಕೊಂಡು ಹೋಗಿ ಎಂದ. ಕುಂಕುಮದ ಭರಣಿಯನ್ನು ಅವನು ಮುಟ್ಟಲೇ ಇಲ್ಲ. ಕೆಂಪು ಪುಡಿಯ ಮೇಲೆ ಅವನಿಗೆ ಭರವಸೆ ಹೋಗಿತ್ತು.

ಹೊರಗೆ ಮಿಲೆನಾ ನಿಂತಿದ್ದಳು. ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಅಲ್ಲಿ ಭೇಟಿಯಾದರೆ ಕೆನ್ನೆಗೆ ಮೂರು ಮುತ್ತು ಕೊಡುತ್ತಾರೆ. ಎರಡಕ್ಕೆ ಮುಗಿಯಿತು ಎಂದು ನಾನು ತಿರುಗಿದೆ, ಮೂರನೆಯದು ಕಿವಿಗೆ ಬಿತ್ತು.

ದಾರಿಯಲ್ಲಿ ಎರಡು ಹೊಳೆ ಕೂಡುವ ಜಾಗ ತೋರಿಸಿದಳು. ನಮ್ಮಲ್ಲೂ ಕೃಷ್ಣೆ ಭೀಮೆ ಕೂಡುತ್ತವೆ ಎಂದೆ. ನಮ್ಮದು ದೊಡ್ಡದು ಎಂದಳು. ನಮ್ಮದರಲ್ಲಿ ಮುಳುಗಿದರೆ ಪಾಪ ಹೋಗುತ್ತದೆ, ನಿನ್ನದರಲ್ಲಿ ಎಂದು ಕೇಳಿದೆ. ಶೀತ ಆಗುತ್ತದೆ ಎಂದಳು. ಇವಳ ಜೊತೆ ದಿನ ಕಳೆಯಬಹುದು ಎನ್ನಿಸಿತು.

ಕಲ್ಲಿನ ಬೆಂಚು

ಮಿಲೆನಾ ಇರುವುದು ಒಂಬತ್ತು ಅಂತಸ್ತಿನ ಕಟ್ಟಡದ ಆರನೆಯದರಲ್ಲಿ, ಒಬ್ಬಳೇ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದೆ. ಟಿವಿಯವರು ರಜೆ ಕೊಡಲಿಲ್ಲ ಎಂದಳು.

ಅಲ್ಲಿಯ ಜನ ಹುಲಿಗೆ ಹೆದರಲಿಕ್ಕಿಲ್ಲ, ಗಾಳಿಗೆ ಹೆದರುತ್ತಾರೆ. ಎದುರುಬದುರು ಎರಡು ಕಿಟಕಿ ತೆರೆದರೆ ಮುಗಿಯಿತು. ಕತ್ತು ಹಿಡಿಯುತ್ತದೆ, ಸೊಂಟ ಹಿಡಿಯುತ್ತದೆ. ನಮ್ಮಲ್ಲಿ ದೆವ್ವಕ್ಕೆ ಕೊಡುವ ಮರ್ಯಾದೆಯನ್ನು ಅವರು ಗಾಳಿಗೆ ಕೊಡುತ್ತಾರೆ. ಎರಡನೆಯ ದಿನ ಬೆಳಿಗ್ಗೆ ನಾನು ಕಟ್ಟಡದ ಮುಂದಿನ ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆ. ಸುತ್ತ ಹಿಮ ಬಿದ್ದಿತ್ತು. ಹಿಮ ಎಂದರೆ ಏನೂ ಇಲ್ಲ, ಹತ್ತಿ ಬಿಡಿಸಿದ ಮೇಲೆ ನಮ್ಮ ಅಂಗಳ ಇರುತ್ತದಲ್ಲ, ಹಾಗೆ. ಒಬ್ಬ ದಪ್ಪ ಹೆಂಗಸು ಚೀಲ ಹಿಡಿದು ಹೋಗುತ್ತಿದ್ದವಳು ನನ್ನನ್ನು ನೋಡಿ ಓಡಿ ಬಂದು, ರಟ್ಟೆ ಹಿಡಿದು ಎಬ್ಬಿಸಿ, ಜೋರಾಗಿ ಬೈದು, ಚೀಲವನ್ನು ಮಡಿಸಿ ಬೆಂಚಿನ ಮೇಲೆ ಹಾಸಿ ಮತ್ತೆ ಕೂಡಿಸಿದಳು. ಸವಿತಾ ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಂಡು ಕೆಂಪಗಾದಳು.

“ಏನಂತಾಳ?” ಎಂದೆ.

“ಏನಿಲ್ರಿ ಆಯಿ. ಥಂಡಿ ಕಲ್ಲಿನ ಮ್ಯಾಲ ಕುಂದರಬ್ಯಾಡ್ರಿ ಅಂತಾಳ.”

“ಅಷ್ಟಕ್ಕ ಇಷ್ಟು ಬೈತಾಳೇನು? ಪೂರಾ ಹೇಳವಾ.”

“ಕುಂತ್ರ... ಮುಂದ ಮಕ್ಕಳಾಗಂಗಿಲ್ಲಂತ್ರಿ.”

ನನಗೆ ಎಪ್ಪತ್ತು, ಮೊಮ್ಮಗಳ ಲಗ್ನವೂ ಆಗಿದೆ ಎಂದು ಹೇಳಿಸಿದೆ. ಆದರೂ ಎಂದಳು ಆ ಹೆಂಗಸು. ಹೆಸರು ವೆರಾ, ಮೂರನೆಯ ಅಂತಸ್ತಿನವಳು, ಶಾಲೆಯಲ್ಲಿ ಇಂಗ್ಲಿಷು ಕಲಿಸಿ ನಿವೃತ್ತಿಯಾದವಳು. ಆ ದಿನದಿಂದ ನಾನು ಎಲ್ಲಿ ಕೂರುತ್ತೇನೆ ಎಂದು ಕಿಟಕಿಯಿಂದ ಕಾಯತೊಡಗಿದಳು.

ಲಿಫ್ಟು

ಅದೇ ದಿನ ಲಿಫ್ಟಿನಲ್ಲಿ ಹೊರಗೆ ಹೊರಟಿದ್ದೆವು. ನಾಲ್ಕನೆಯ ಅಂತಸ್ತಿನಲ್ಲಿ ಬಾಗಿಲು ತೆರೆಯಿತು. ಎತ್ತರದ ಮುದುಕನೊಬ್ಬ, ಬಿಳಿ ಮೀಸೆ, ಅಗಲ ಹಣೆ, ಒಳಗೆ ಬಂದ. ಮಿಲೆನಾ ಅಂಕಿ ಬರುವ ಗುಂಡಿಗಳನ್ನು ನೋಡಿದಳು. ಅವನೂ ಗುಂಡಿಗಳನ್ನು ನೋಡಿದ. ಎಲ್ಲರಿಗೂ ಮೂರು ಮುತ್ತು ಕೊಡುವವಳು ಇವನಿಗೆ ಒಂದು ಮಾತನ್ನೂ ಕೊಡಲಿಲ್ಲ. ನಾನು ಶರಣ್ರಿ ಎಂದೆ. ಅವನು ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಕೆಳಗೆ ಬಂದ ಮೇಲೆ ಯಾರವನು ಎಂದು ಕೇಳಿದೆ.

ಯಾರೂ ಅಲ್ಲ ಎಂದಳು ಮಿಲೆನಾ.

ಯಾರೂ ಅಲ್ಲದವರ ಮುಂದೆ ಹಾಗೆ ಕತ್ತು ಸೆಟೆಯುವುದಿಲ್ಲ. ನಮ್ಮ ಓಣಿಯಲ್ಲಿ ಹೊಲದ ಬದುವಿಗೆ ಜಗಳವಾಡಿದ ದಾಯಾದಿಗಳು ಹೀಗೆಯೇ ಎದುರಾದಾಗ ಆಕಾಶ ನೋಡುತ್ತಾರೆ. ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡದ್ದು ಮರುದಿನದವರೆಗೆ ಮಾತ್ರ.

ಟಿವಿಯ ಮನೆ

ಟಿವಿಯ ಮನೆಯಲ್ಲಿ ಮೊದಲು ನನ್ನ ಮುಖಕ್ಕೆ ಹಿಟ್ಟು ಬಳಿದರು. ಬಳಿದವಳು ಹಣೆಯ ವಿಭೂತಿ ಒರೆಸಲು ಬಂದಾಗ ಕೈ ಹಿಡಿದೆ. ಆಮೇಲೆ ಕಣ್ಣು ಕುಕ್ಕುವ ದೀಪಗಳ ಕೆಳಗೆ ಕೂಡಿಸಿದರು. ನಡುವೆ ಮಿಲೆನಾ, ಆ ಕಡೆ ಕಾರ್ಯಕ್ರಮ ನಡೆಸುವ ಕೋಟಿನ ಹುಡುಗ, ಈ ಕಡೆ ನಾನು ಮತ್ತು ಸವಿತಾ. ಆಡಿದ್ದು ಆಡಿದ ಹಾಗೆಯೇ ಆಗಲೇ ದೇಶಕ್ಕೆಲ್ಲ ಹೋಗುತ್ತದೆ ಎಂದು ಸವಿತಾ ನನಗೆ ಮೂರು ಸಲ ಎಚ್ಚರಿಕೆ ಕೊಟ್ಟಿದ್ದಳು.

ಗೋಡೆಯ ಮೇಲೆ ಮಿಲೆನಾಳ ಬದುಕನ್ನು ತೋರಿಸಿದರು. ರೈಲಿನ ಹಳಿ ಕಾಯುವವನ ಮಗಳು. ಮೊದಲ ಚಿತ್ರದಲ್ಲಿ ಎರಡು ಜಡೆ, ನಾಳೆ ಮಳೆ ಬರುತ್ತದೆ ಎಂದು ಹೇಳುತ್ತಿದ್ದಾಳೆ. ಆಮೇಲೆ ನೆರೆ ಬಂದ ಊರಿನಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಮಾತಾಡುತ್ತಿದ್ದಾಳೆ. ಹಿಂದೆ ಒಂದು ಕಾರು, ಅದರ ಗಾಜಿನಲ್ಲಿ ಹೆಗಲ ಮೇಲೆ ಕ್ಯಾಮರಾ ಹೊತ್ತವನ ಬಿಂಬ. ಎತ್ತರ, ಮೀಸೆ, ಅಗಲ ಹಣೆ. ಮೀಸೆ ಆಗ ಕರಿದು, ಅಷ್ಟೇ ಫರಕು. ಲಿಫ್ಟಿನವನು. ಆಮೇಲೆ ಮಿಲೆನಾ ದೊಡ್ಡ ಭುಜದ ಕೋಟು ತೊಟ್ಟು ಸುದ್ದಿ ಓದುತ್ತಿದ್ದಾಳೆ. ಕೂದಲು ಕಪ್ಪು. ಮುಂದಿನ ಚಿತ್ರದಲ್ಲಿ ಹಳ್ಳಿಯೊಂದರಲ್ಲಿ ಮೇಕೆ ಹಿಡಿದಿದ್ದಾಳೆ. ಕೂದಲು ಅರ್ಧ ಬಿಳಿ.

ಕೌದಿಯಲ್ಲಿ ಒಂದು ತುಂಡು ಬಿಟ್ಟುಹೋದರೆ ನನಗೆ ಮೊದಲು ಅದೇ ಕಾಣುತ್ತದೆ. ಕೋಟಿನ ಹುಡುಗ ಮಿಲೆನಾ ಹೇಗೆ ಎಂದು ನನ್ನನ್ನು ಕೇಳಿದಾಗ ನಾನು ಗೋಡೆ ತೋರಿಸಿ ಸವಿತಾಳಿಗೆ ಹೇಳಿದೆ:

“ಕೂದಲ ಕರಿದಿತ್ತು, ಬೆಳ್ಳಗಾಗ್ಯದ. ನಡುವ ಎಲ್ಲಿ ಹೋಗಿದ್ಳು ಈಕಿ? ಕೇಳು.”

ಸವಿತಾ ನಕ್ಕಳು, ಇಂಗ್ಲಿಷು ಆಡಲಿಲ್ಲ. ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ. ಆಗ ಆಡಿದಳು. ಹುಡುಗ ತನ್ನ ಕಾಗದ ತಿರುವಿದ. ಕಾಗದದಲ್ಲಿ ಅದು ಇರಲಿಲ್ಲ ಎಂದು ಕಾಣುತ್ತದೆ. ಮಿಲೆನಾ ತಲೆ ಹಿಂದೆ ಹಾಕಿ ನಕ್ಕು, ಕ್ಯಾಮರಾ ನೋಡಿ ಒಂದೇ ಮಾತು ಹೇಳಿದಳು. ರಸ್ತೆಯ ಬದಿಗೆ ನಿಂತು ಉಣ್ಣೆಯ ಕಾಲುಚೀಲ ಮಾರುತ್ತಿದ್ದೆ ಎಂದು.

ಉಳಿದದ್ದನ್ನು ಮನೆಗೆ ಬರುವಾಗ ಕಾರಿನಲ್ಲಿ ಹೇಳಿದಳು. ಮೂವತ್ತು ವರ್ಷದ ಹಿಂದೆ, ಯುದ್ಧದ ಕಾಲ. ಒಂದು ಸಂಜೆ ಓದಲು ಕಾಗದ ಕೊಟ್ಟರು. ಅದರಲ್ಲಿದ್ದದ್ದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು; ಆ ಊರಿಗೆ ಹಿಂದಿನ ವಾರವಷ್ಟೇ ಹೋಗಿ ಬಂದಿದ್ದಳು, ಕ್ಯಾಮರಾ ಹೊತ್ತ ಜೊರಾನನ ಜೊತೆ. ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳಂತೆ, ಅವನೂ ಏಳುತ್ತಾನೆ ಎಂದು. ಜೊರಾನ್ ಕ್ಯಾಮರಾ ಸರಿಮಾಡುತ್ತಿದ್ದ, ಅವಳ ಕುರ್ಚಿಯಲ್ಲಿ ಕೂತ ಇನ್ನೊಬ್ಬಳಿಗೆ. ಮರುದಿನ ಅವಳನ್ನು ಗೇಟಿನ ಒಳಗೆ ಬಿಡಲಿಲ್ಲ. ವರ್ಷಗಟ್ಟಲೆ ಕಾಲುಚೀಲ ಮಾರಿದಳು. ಕಾಲ ಬದಲಾಗಿ ಮತ್ತೆ ಕರೆದಾಗ ಸುದ್ದಿಯ ಕುರ್ಚಿ ಬೇಡ ಎಂದು ಹಳ್ಳಿಗಳಿಗೆ ಹೋದಳು, ಆಮೇಲೆ ದೇಶಗಳಿಗೆ, ನನ್ನ ಕಟ್ಟೆಗೆ.

ಅವನೇನು ಮಾಡಬೇಕಿತ್ತು, ಮಕ್ಕಳಿದ್ದವಲ್ಲ ಎಂದೆ. ಮೂವರು ಎಂದಳು. ಅದಕ್ಕೇ ಬೈಯಲೂ ಆಗಲಿಲ್ಲ ಎಂದಳು.

ನಾಳೆ ಅವಳ ಮನೆದೇವರ ದಿನ. ನಮ್ಮ ಹಾಗೆಯೇ ಅಲ್ಲಿ ಪ್ರತಿ ಮನೆತನಕ್ಕೂ ಒಬ್ಬ ದೇವರು. ಅವಳ ಅಪ್ಪನ ಕಡೆಯಿಂದ ಬಂದವನು ಗಡ್ಡದ ಮುದುಕ, ದಾರಿಯಲ್ಲಿರುವವರನ್ನು ಕಾಯುವವನಂತೆ. ಅವಳ ಕಸುಬಿಗೆ ಸರಿಯಾದ ದೇವರೇ. ಮೊದಲೆಲ್ಲ ಆ ದಿನ ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಜೊರಾನ್. ಕಾಗದದ ಸಂಜೆಯ ಮೇಲೆ ಬಂದಿಲ್ಲ. ಎರಡು ಅಂತಸ್ತು ಕೆಳಗೆ ಇದ್ದೂ ಬಂದಿಲ್ಲ. ಈಗ ಮನೆ ಮಾರಿದ್ದಾನೆ, ಹೊಸ ವರ್ಷಕ್ಕೆ ಮಗಳ ಊರಿಗೆ ಹೋಗುತ್ತಾನೆ, ಸಮುದ್ರದ ದಂಡೆಗೆ. ತಿರುಗಿ ಬರುವುದಿಲ್ಲ. ಇದನ್ನು ಹೇಳುವಾಗ ಮಿಲೆನಾ ಕೆಂಪು ದೀಪವನ್ನು ನೋಡದೆ ಕಾರು ದಾಟಿಸಿದಳು, ಹಿಂದಿನವರೆಲ್ಲ ಹಾರ್ನು ಹೊಡೆದರು.

ನೀನು ಕರೆದೆಯಾ ಎಂದು ಕೇಳಿದೆ. ಇಲ್ಲ ಎಂದಳು.

ಮೂವತ್ತು ವರ್ಷ ಕರೆಯದೆ, ಬರಲಿಲ್ಲ ಎಂದು ಕೊರಗುವುದು ಯಾವ ನ್ಯಾಯ? ನಮ್ಮಲ್ಲಿ ಕರೆಯದೆ ಹೋಗುವುದು ಸಾವಿಗೆ ಮಾತ್ರ.

ನಾಲ್ಕನೆಯ ಅಂತಸ್ತು

ಹಬ್ಬದ ಬೆಳಿಗ್ಗೆ ಮಿಲೆನಾಳ ಅಡುಗೆಮನೆಯಲ್ಲಿ ಮೂವತ್ತು ಜನರ ಅಡುಗೆ ಇತ್ತು. ಅದು ಉಪವಾಸದ ತಿಂಗಳಂತೆ, ಹಾಲು ತುಪ್ಪ ಮುಟ್ಟುವುದಿಲ್ಲವಂತೆ; ಮೀನು ಮಾತ್ರ ನಡೆಯುತ್ತದಂತೆ. ಇಂಥ ಉಪವಾಸ ನಮ್ಮ ಸ್ವಾಮಿಗಳಿಗೆ ತಿಳಿಯದಿರುವುದೇ ಒಳ್ಳೆಯದು. ನನಗೆಂದು ಬಿಳಿ ಕಾಳಿನ ಪಲ್ಯ ಬೇರೆ ಒಲೆಯ ಮೇಲೆ ಇಟ್ಟಿದ್ದಳು. ನಡುಮೇಜಿನ ಮೇಲೆ ದೊಡ್ಡ ಮೇಣದ ಬತ್ತಿ, ಹೂ ಬಿಡಿಸಿದ ರೊಟ್ಟಿ, ಒಂದು ಬಟ್ಟಲು ಗೋಧಿ. ಕುದಿಸಿ, ಅರೆದು, ಸಕ್ಕರೆ ಅಕ್ರೋಟು ಕಲಸಿದ್ದು. ನಮ್ಮ ಹುಗ್ಗಿಗೆ ನೀರು ಹಾಕುವುದನ್ನು ಮರೆತರೆ ಹೀಗಾಗುತ್ತದೆ. ಬಂದವರು ಬಾಗಿಲಲ್ಲೇ ಅದರ ಒಂದು ಚಮಚೆ ತಿಂದು ಒಳಗೆ ಬರಬೇಕು.

ಅಡುಗೆ ಇಷ್ಟು, ಆದರೆ ಕರೆಯಲು ಹೋದವರಿಲ್ಲ. ಒಂದು ಫೋನೂ ಇಲ್ಲ. ನಾನು ತಿಳಿದುಕೊಂಡದ್ದು ಹೀಗೆ: ಒಂಟಿ ಹೆಂಗಸು, ಸೊಸೆಯಿಲ್ಲ, ನಾದಿನಿಯಿಲ್ಲ, ಮನೆಮನೆಗೆ ಹೋಗಿ ಕರೆಯುವವರಿಲ್ಲ. ಮಿಲೆನಾ ಗುಡಿಗೆ ಹೋಗಿದ್ದಳು, ಸವಿತಾ ಸ್ನಾನಕ್ಕೆ ಹೋಗಿದ್ದಳು. ಸವಿತಾಳ ಸ್ನಾನಕ್ಕೆ ಬೇಕಾದಷ್ಟು ಹೊತ್ತು ಹಿಡಿಯುತ್ತದೆ. ನಾನು ಭರಣಿ ತೆಗೆದುಕೊಂಡೆ. ನಮ್ಮೂರಲ್ಲಾದರೆ ಗಂಡ ಸತ್ತವಳ ಕೈಗೆ ಕರೆಯುವ ಕುಂಕುಮ ಕೊಡುತ್ತಿರಲಿಲ್ಲ. ಬೆಲ್‌ಗ್ರೇಡಿನಲ್ಲಿ ಕೇಳುವವರು ಯಾರು?

ಒಂಬತ್ತನೆಯ ಅಂತಸ್ತಿನಿಂದ ಶುರು ಮಾಡಿದೆ. ಹಿಂದಿನ ಸಂಜೆ ಟಿವಿಯಲ್ಲಿ ನೋಡಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಬಾಗಿಲು ಬಡಿಯುವುದು, ಹಣೆಗೆ ಬೊಟ್ಟಿಡುವುದು, ಮಿಲೆನಾಳ ಮನೆಯ ದಿಕ್ಕಿಗೆ ಕೈ ಮಾಡುವುದು, ತುತ್ತು ಬಾಯಿಗಿಟ್ಟು ತೋರಿಸುವುದು. ಒಬ್ಬ ಗಡ್ಡದ ಹುಡುಗ ತಾನೇ ಹಣೆ ಒಡ್ಡಿದ. ಒಂದು ಮನೆಯ ನಾಯಿಗೂ ಇಟ್ಟೆ, ಅದು ಬಾಗಿಲಲ್ಲಿ ಮೊದಲು ಬಂದದ್ದಕ್ಕೆ.

ನಾಲ್ಕನೆಯ ಅಂತಸ್ತಿನಲ್ಲಿ ಜೊರಾನ್ ಬಾಗಿಲು ತೆರೆದ. ಒಳಗೆ ಡಬ್ಬಗಳು ಕಟ್ಟಿಟ್ಟಿದ್ದವು, ಗೋಡೆಯಲ್ಲಿ ಬರೀ ಮೊಳೆ. ನನ್ನನ್ನು ನೋಡಿದ, ಭರಣಿ ನೋಡಿದ. ಮೇಲಕ್ಕೆ ಕೈ ಮಾಡಿದೆ. ಇಲ್ಲ ಎಂದು ತಲೆ ಆಡಿಸಿದ. ಅವನ ಹಣೆ ನನಗೆ ನಿಲುಕದು. ಬಗ್ಗು ಎಂದು ಗದರಿದೆ, ಕನ್ನಡದಲ್ಲೇ. ಬಗ್ಗಿದ. ಅಗಲ ಹಣೆ, ಎಲ್ಲರಿಗಿಂತ ದೊಡ್ಡ ಬೊಟ್ಟು ಇಟ್ಟೆ. ಅವನು ಬಗ್ಗಿದವನು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ವಯಸ್ಸಾದವರ ಸೊಂಟ.

ಆರನೆಯ ಅಂತಸ್ತು

ಮಿಲೆನಾ ಲಿಫ್ಟಿನಲ್ಲಿ ಕುಂಕುಮ ಹಚ್ಚಿಕೊಂಡ ನಾಯಿಯನ್ನು ಕಂಡಳಂತೆ. ಮನೆಗೆ ಬಂದವಳು ಕೋಟು ಬಿಚ್ಚಲಿಲ್ಲ. ಅವಳ ಸಿಟ್ಟನ್ನು ನಾನು ಅವತ್ತೇ ನೋಡಿದ್ದು. ಹೀಗಂತೆ: ಮನೆದೇವರ ದಿನ ಅವರಲ್ಲಿ ಯಾರನ್ನೂ ಕರೆಯಬಾರದು. ಬಾಗಿಲು ತೆರೆದಿರುತ್ತದೆ, ಬರುವವರು ತಾವಾಗಿ ಬರುತ್ತಾರೆ. ಕರೆಯುವುದು ಎಂದರೆ ಬೇಡಿದ ಹಾಗೆ. ಅಪ್ಪ ಕರೆದಿಲ್ಲ, ಅಜ್ಜ ಕರೆದಿಲ್ಲ.

ಸವಿತಾ ತಲೆಗೆ ಟವೆಲು ಸುತ್ತಿಕೊಂಡು ನಡುವೆ ನಿಂತಿದ್ದಳು. “ಆಯಿ, ಈಕಿ ಅಂತಾಳ, ಕರದ್ಮ್ಯಾಲ ಬಂದ್ರ ಅಂವ ಬಂದಂಗ ಅಲ್ಲಂತ. ಮೂವತ್ತು ವರ್ಷ ಇದಕ್ಕಂತನ ಕಾದೀನಿ ಅಂತಾಳ್ರಿ. ಅಂವ ತಾನಾಗಿ ಬರ್ಲಿ ಅಂತ.”

ಆಗ ನನಗೆ ತಿಳಿಯಿತು. ಅವಳು ಕರೆಯುವ ಹಾಗಿಲ್ಲ. ಅವನಿಗೆ ಬರಲು ಮುಖವಿಲ್ಲ. ಇಬ್ಬರೂ ಲಿಫ್ಟಿನ ಗುಂಡಿ ನೋಡುತ್ತ ಮುದುಕರಾಗಿದ್ದಾರೆ.

“ಆಕಿಗಿ ಹೇಳು,” ಎಂದೆ. “ತಂಗೀ, ನೀ ಕರದಿಲ್ಲ. ಕರದಾಕಿ ನಾನು. ನಿನ್ನ ಪದ್ಧತಿ ನಿನ್ನ ಹತ್ರ ಹಂಗೇ ಅದ, ನನ್ನ ಪದ್ಧತಿ ನಾ ಮಾಡೀನಿ. ನಮ್ಮ ಕಡಿ ಕರೀದ ಉಣ್ಣಾಕ ಹೋಗೂದು ನಾಯಿ ಅಷ್ಟ. ಇಲ್ಲಿ ಅದನ್ನೂ ಕರದೀನಿ.”

ಸವಿತಾ ಈ ಸಲ ಪೂರ್ತಿ ದಾಟಿಸಿದಳು ಎಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಮಿಲೆನಾ ಒಳಗೆ ಹೋಗಿ ಬಿಳಿ ರೇಷ್ಮೆಯ ಅಂಗಿ ತೊಟ್ಟು ಬಂದಳು. ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಳು.

ಜನ ಬಂದರು. ಯಾರೂ ಬೊಟ್ಟು ಅಳಿಸಿರಲಿಲ್ಲ. ಅಳಿಸಿದರೆ ಏನಾಗುತ್ತದೋ ಎಂದು ಹೆದರಿದ್ದರಂತೆ, ವೆರಾ ಹೇಳಿದಳು. ಒಬ್ಬೊಬ್ಬರೂ ಬಾಗಿಲಲ್ಲಿ ಗೋಧಿ ತಿಂದು, ಮುತ್ತು ಕೊಟ್ಟು, ಒಳಗೆ ಬಂದು ಕೂತರು. ಎಲ್ಲರ ಹಣೆಯ ಮೇಲೂ ಕುಂಕುಮ, ತಟ್ಟೆಯಲ್ಲಿ ಮೀನು. ಮಿಲೆನಾ ನಗುತ್ತಿದ್ದಳು, ಆದರೆ ಬಾಗಿಲು ಸಪ್ಪಳವಾದಾಗಲೆಲ್ಲ ಚಮಚೆ ಬಿಗಿ ಹಿಡಿಯುತ್ತಿದ್ದಳು. ಅಲ್ಲಿ ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಮೇಣದ ಬತ್ತಿ ಅರ್ಧಕ್ಕಿಂತ ಕೆಳಗೆ ಬಂತು. ಜೊರಾನ್ ಬರಲಿಲ್ಲ. ನನಗೂ ಊಟ ಸೇರಲಿಲ್ಲ. ಕಾಳಿಗೆ ಉಪ್ಪು ಕಡಿಮೆಯಿತ್ತು, ಅದೂ ಒಂದು.

ಕತ್ತಲಾಗುವಾಗ ಬಾಗಿಲು ಬಡಿದರು. ತೆರೆದದ್ದೇ ಇತ್ತು, ಆದರೂ ಬಡಿದರು. ಜೊರಾನ್ ಹೊಸಿಲ ಹೊರಗೆ ನಿಂತಿದ್ದ. ಇಸ್ತ್ರಿ ಮಾಡಿದ ಕೋಟು, ಹಣೆಯಲ್ಲಿ ನನ್ನ ದೊಡ್ಡ ಬೊಟ್ಟು. ಮಿಲೆನಾ ಗೋಧಿಯ ಬಟ್ಟಲು ಎದೆಗೆ ಹಿಡಿದುಕೊಂಡು ಏನೋ ಹೇಳಿದಳು. ಅವನೇನೋ ಹೇಳಿದ. ವೆರಾ ಸವಿತಾಳ ಕಿವಿಯಲ್ಲಿ ಹೇಳಿದಳು, ಸವಿತಾ ನನ್ನ ಕಿವಿಯಲ್ಲಿ.

“ನಾ ನಿನ್ನ ಕರದಿಲ್ಲ ಅಂದ್ಳು ಈಕಿ. ಅಂವ ಅಂತಾನ, ಗೊತ್ತದ, ಅದಕ್ಕ ಬಂದೀನಿ.”

ಮಿಲೆನಾ ಬಟ್ಟಲು ಚಾಚಲಿಲ್ಲ. ಅವನು ಹೊಸಿಲು ದಾಟಲಿಲ್ಲ. ಅಷ್ಟರಲ್ಲಿ ನನಗೆ ಹೊತ್ತಿದ ವಾಸನೆ ಬಂತು. ಬಿಸಿಗಿಟ್ಟ ಕಾಳಿನ ಪಲ್ಯ ತಳ ಹಿಡಿದಿತ್ತು. ನನ್ನ ಹೊಟ್ಟೆಗೆ ಅದೊಂದೇ ಇದ್ದದ್ದು. ಓಡಿದೆ. ಸುಟ್ಟದ್ದನ್ನು ಕೆರೆದು, ಉಳಿದದ್ದನ್ನು ಬೇರೆ ಪಾತ್ರೆಗೆ ಹಾಕಿ, ಉಪ್ಪು ಸೇರಿಸಿ ಬರುವಷ್ಟರಲ್ಲಿ ಜೊರಾನ್ ಒಳಗೆ ಕುರ್ಚಿಯಲ್ಲಿ ಕೂತಿದ್ದ, ಮಿಲೆನಾ ನನಗೆ ಬೆನ್ನು ಮಾಡಿ ಅವನ ತಟ್ಟೆಗೆ ಬಡಿಸುತ್ತಿದ್ದಳು. ಏನಾಯಿತು ಎಂದು ಸವಿತಾಳನ್ನು ಕೇಳಿದೆ. ಸವಿತಾ ಕಣ್ಣು ಒರೆಸಿಕೊಳ್ಳುತ್ತ ಏನಿಲ್ರಿ ಎಂದಳು. ಅವಳ ದಾಟಿಸುವ ಕೆಲಸ ಹೀಗೆ.

ಆಮೇಲೆ ಇಬ್ಬರೂ ಜಗಳ ಶುರು ಮಾಡಿದರು, ಮೇಜು ಬಡಿದು. ನಾನು ಮಾಡಿದ್ದು ಕೆಟ್ಟಿತು ಎಂದುಕೊಂಡೆ. ವೆರಾ ಕೈ ಮಾಡಿ ಕೂರಿಸಿದಳು, ಮೊದಲು ದಿಂಬು ಹಾಕಿ. ನೆರೆ ಬಂದ ಊರಿನಲ್ಲಿ ಕ್ಯಾಮರಾ ನೀರಿಗೆ ಬಿದ್ದದ್ದು ಯಾರ ತಪ್ಪಿನಿಂದ ಎಂದು ಜಗಳವಂತೆ. ಅದು ಮುಗಿಯುವ ಮೊದಲೇ ನನಗೆ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಪಾತ್ರೆ ತೊಳೆದೆ. ಕುರ್ಚಿಯ ಮೇಲೆ ಮಿಲೆನಾಳ ಬಿಳಿ ಅಂಗಿ ಬಿದ್ದಿತ್ತು. ಎಡಭುಜದ ಮೇಲೆ ಕುಂಕುಮ, ಅಂಗೈಯಷ್ಟು ಅಗಲ, ಹಣೆ ಒತ್ತಿ ಹಿಡಿದ ಹಾಗೆ. ಕೆನ್ನೆಗೆ ಮುತ್ತು ಕೊಟ್ಟರೆ ಅಲ್ಲಿ ಹತ್ತುವುದಿಲ್ಲ. ಸಾಬೂನು ಹಾಕಿ ಉಜ್ಜಿದೆ, ನಿಂಬೆಹಣ್ಣು ಹಿಂಡಿ ಉಜ್ಜಿದೆ. ಬಿಡಲಿಲ್ಲ. ನಮ್ಮ ಅಂಗಡಿಯವನು ಕುಂಕುಮಕ್ಕೆ ಬಣ್ಣ ಬೆರೆಸುತ್ತಾನೆ ಎಂದು ಸೊಸೆಗೆ ಎಷ್ಟು ಸಲ ಹೇಳಿದ್ದೇನೆ. ಹಾಗೆಯೇ ಹಿಂಡಿ, ಎರಡೂ ಕಡೆಯ ಕಿಟಕಿ ತೆರೆದು, ಹೊರಗಿನ ತಂತಿಗೆ ಹಾಕಿದೆ. ಆ ಥಂಡಿಗೆ ಅದು ನೋಡನೋಡುತ್ತ ಹಪ್ಪಳದ ಹಾಗೆ ಸೆಟೆದು ನಿಂತಿತು.